ಸರ್ಕಾರದ ಅಂಗೀಕಾರವೂ ಮನೆಯ ಬಾಗಲೂ



ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿಗೆ ಬರುವ ಹಾದಿಯಲ್ಲಿರುವ ಮರಿಯಮ್ಮನಹಳ್ಳಿಯನ್ನು ನಮ್ಮಲ್ಲಿ ಅನೇಕರು ಬಲ್ಲರು. ಆ ಊರಿನ ಮಂಜಮ್ಮ ಜೋಗತಿಯವರಿಗೆ 2021ನೆಯ ಇಸವಿ ನವೆಂಬರ್ 9ನೆಯ ತಾರೀಖಿನಲ್ಲಿ, ಆಗಿನ ರಾಷ್ಟ್ರಪತಿಗಳಾಗಿದ್ದ ರಾಮನಾಥ ಕೋವಿಂದರವರು ದೆಹಲಿಯಲ್ಲಿ ಪದ್ಮಶ್ರೀ ಎಂಬ ಬಿರುದನ್ನು ಕೊಟ್ಟರು. ಬಿರುದನ್ನು ತಕ್ಕೊಳ್ಳಲು ಎದುರಿಗೆ ಹೋದಾಗ ಇವರು ತಮ್ಮ ಸೀರೆಯ ಸೆರಗಿನಿಂದ ರಾಷ್ಟ್ರಪತಿಗಳಿಗೆ ದೃಷ್ಟಿ ನಿವಾಳಿಸಿದ್ದನ್ನು ದೇಶವೆಲ್ಲಾ ನೋಡಿತು. ಎಷ್ಟೋ ಬಾಗಲುಗಳಲ್ಲಿ ಭಿಕ್ಷಕ್ಕಾಗಿ ನಿಂತು ಗದರಿಸಲ್ಪಟ್ಟವರು ದೇಶದ ಮೊದಲನೆಯ ಮನೆಗೆ ಕರೆಯಲ್ಪಟ್ಟು, ಅದರ ಯಜಮಾನರಿಗೆ ಮನೆಯ ಹಿರಿಯಳು ಮಕ್ಕಳಿಗೆ ಮಾಡುವಂತೆ ಮಾಡಿದರು.

ಇವರ ಪೂರ್ವವೃತ್ತಾಂತವನ್ನು ತಿಳಿಯದವರಿಗಾಗಿ ಸ್ವಲ್ಪ ಹೇಳಬೇಕಾಗಿದೆ. ಬಳ್ಳಾರಿ ಸೀಮೆಯ ಕಲ್ಲುಕಂಬದಲ್ಲಿ ಇವರು ಮಂಜುನಾಥನೆಂಬ ಹೆಸರಿನ ಗಂಡು ಮಗುವಾಗಿ ಹುಟ್ಟಿದರು. ಶಾಲೆಗೆ ಹೋಗುವ ಪ್ರಾಯದಲ್ಲಿಯೇ ಹೆಣ್ಣುಮಕ್ಕಳ ಹಾಗೆ ಉಡುವದೂ ನಡೆಯುವದೂ ಇವರಿಗೆ ಸಹಜವೆಂದು ತೋರಿತು. ಮನೆಯವರು ಮೊದಲು ಹೊಡೆದು ನೋಡಿದರು. ಕಡೆಗೆ ತುಂಗಭದ್ರೆಯ ಆಚೆಯ ಹುಲಿಗಿಗೆ ಕರಕೊಂಡು ಹೋಗಿ, ಅಲ್ಲಿನ ಗುಡಿಯಲ್ಲಿ ಉಡಿದಾರವನ್ನು ಕಡಿಸಿ, ಸೀರೆ ಉಡಿಸಿ, ಬಳೆ ತೊಡಿಸಿ, ಮುತ್ತು ಕಟ್ಟಿಸಿ, ಜೋಗಪ್ಪನನ್ನಾಗಿ ಮಾಡಿದರು. ಇದಾದ ಮೇಲೆ ಮನೆಯು ಮನೆಯಾಗಿ ಉಳಿಯಲಿಲ್ಲ. ಇವರು ಒಮ್ಮೆ ವಿಷವನ್ನು ಕುಡಿದು ಹೇಗೋ ಬದುಕಿಕೊಂಡರು. ಭಿಕ್ಷೆ ಬೇಡಿ ಹೊಟ್ಟೆ ಹೊರೆದರು. ದಾರಿಯಲ್ಲಿ ದುಷ್ಟರು ಇವರಲ್ಲಿದ್ದ ಹಣವನ್ನು ಕಸಕೊಂಡು ಮಾನಭಂಗವನ್ನೂ ಮಾಡಿದರು. ಹೀಗಿರಲಾಗಿ ದಾವಣಗೆರೆಯ ಬಸ್ಸಿನ ನಿಲ್ದಾಣದ ಸಮೀಪದಲ್ಲಿ ಒಬ್ಬ ತಂದೆಯು ಹಾಡುತ್ತಾ ಇರುವಾಗ ಅವನ ಮಗನು ತಲೆಯ ಮೇಲೆ ಕೊಡವನ್ನು ಹೊತ್ತು ಕುಣಿಯುವದನ್ನು ಕಂಡು, ಆ ವಿದ್ಯೆಯನ್ನು ಅವರಿಂದಲೇ ಕಲಿತರು. ತರುವಾಯ ಹಗರಿಬೊಮ್ಮನಹಳ್ಳಿಯ ಕಡೆಯ ಕಾಳವ್ವ ಜೋಗತಿಯವರ ಮೇಳವನ್ನು ಸೇರಿ, ಕಾಳವ್ವನವರು ತೀರಿಕೊಂಡ ಮೇಲೆ ಆ ಮೇಳವನ್ನು ತಾವೇ ನಡಿಸಿದರು. 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿಯು ಇವರಿಗೆ ದೊರೆಯಿತು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಗೆ ಅಧ್ಯಕ್ಷರಾಗಿ ನೇಮಿಸಲ್ಪಟ್ಟರು. ಇಂಥವರಲ್ಲಿ ಆ ಕುರ್ಚಿಯ ಮೇಲೆ ಕೂತವರು ಇವರೇ ಮೊದಲಿಗರು.

ಈ ಸಂಗತಿಯ ವಿಷಯವಾಗಿ ಹಳ್ಳಿಯ ಸಭೆಗಳಲ್ಲಿ ಎರಡು ತರದ ಮಾತು ಕೇಳಬರುತ್ತದೆ. ಸರ್ಕಾರದವರು ಇಂಥವರನ್ನು ಅಂಗೀಕರಿಸಿ ಪಾಪವನ್ನು ಪುಣ್ಯವೆಂದು ಬರೆದರು ಎಂದು ಕೆಲವರು ನಿಟ್ಟುಸಿರಿಡುತ್ತಾರೆ. ಸರ್ಕಾರವು ಬರೆದಾದ ಮೇಲೆ ನಮ್ಮದೇನು ಮಾತು, ಅವರ ಪಾಡು ಸರ್ಕಾರಕ್ಕೆ ಬಿಟ್ಟದ್ದು ಎಂದು ಬೇರೆ ಕೆಲವರು ಕೈ ತೊಳಕೊಳ್ಳುತ್ತಾರೆ. ಈ ಇಬ್ಬರೂ ಅಂಗೀಕಾರವೆಂದರೇನು ಎಂಬದನ್ನು ವಿಚಾರಿಸದೆ ಮಾತಾಡುತ್ತಾರೆಂದು ನನಗೆ ತೋರುತ್ತದೆ. ಮನುಷ್ಯನೊಬ್ಬನು ಇದ್ದಾನೆಂದು ಒಪ್ಪುವದು ಬೇರೆ, ಅವನು ಮಾಡಿದ್ದೆಲ್ಲಾ ಸರಿಯೆಂದು ಒಪ್ಪುವದು ಬೇರೆ. ಗ್ರಾಮಲೆಕ್ಕಿಗನು ಒಬ್ಬನ ಹೊಲವನ್ನು ಪಹಣಿಯಲ್ಲಿ ಬರೆಯುವಾಗ ಅವನು ಸಜ್ಜನನೋ ಕುಡುಕನೋ ಎಂದು ಕೇಳುವದಿಲ್ಲ. ಹೊಲವು ಅವನದೋ ಅಲ್ಲವೋ ಎಂದು ಮಾತ್ರ ಕೇಳುತ್ತಾನೆ.

ಆದರೆ ಇಷ್ಟಕ್ಕೇ ವಿಚಾರವು ಮುಗಿಯುವದಿಲ್ಲ. ಯಾಕಂದರೆ ಬರೆಯುವದರಲ್ಲಿಯೂ ಭೇದವುಂಟು. ಸರ್ಕಾರದವರು ಇವರ ಹೆಸರುಗಳನ್ನು ಬರಕೊಂಡದ್ದು ಇದೇ ಮೊದಲಲ್ಲ. 1871ರಲ್ಲಿ ಇಂಗ್ಲಿಷರು ಕ್ರಿಮಿನಲ್ ಜಾತಿಗಳ ಕಾಯಿದೆಯನ್ನು ಮಾಡಿದಾಗ ಅದರ ಎರಡನೆಯ ಭಾಗವು ಇಂಥವರಿಗಾಗಿಯೇ ಬರೆಯಲ್ಪಟ್ಟಿತು. ಉತ್ತರ ಹಿಂದೂಸ್ಥಾನದ ಪ್ರಾಂತಗಳಲ್ಲಿ, ಮಕ್ಕಳನ್ನು ಕದಿಯುತ್ತಾರೆಂದು ಅಥವಾ ಅಂಗಚ್ಛೇದ ಮಾಡುತ್ತಾರೆಂದು ಸಂಶಯಕ್ಕೆ ಒಳಗಾದವರ ಹೆಸರನ್ನೂ ಮನೆಯನ್ನೂ ರಿಜಿಸ್ಟರಿನಲ್ಲಿ ಬರೆಯಬೇಕಾಗಿತ್ತು. ಹಾಗೆ ಬರೆಯಲ್ಪಟ್ಟವರು ಹೆಂಗಸಿನ ಉಡುಪಿನಲ್ಲಿ ಬೀದಿಗೆ ಬರಕೂಡದು, ಕೂಲಿಗಾಗಿ ಕುಣಿಯಕೂಡದು, ದತ್ತು ತಕ್ಕೊಳ್ಳಕೂಡದು, ಮರಣಶಾಸನವನ್ನು ಬರೆಯಕೂಡದು. ಇದು ಹಳೆಯ ಕಾಲದ ಮಾತೆಂದು ತಳ್ಳಿಬಿಡುವ ಹಾಗಿಲ್ಲ. ನಮ್ಮ ಕರ್ನಾಟಕದಲ್ಲಿಯೇ 2011ರಲ್ಲಿ ಪೊಲೀಸ್ ಕಾಯಿದೆಗೆ 36ಎ ಎಂಬ ಕಲಮು ಸೇರಿಸಲ್ಪಟ್ಟು, ಅದೇ ತರದ ಸಂಶಯಕ್ಕೆ ಒಳಗಾದ ಇಂಥವರ ಹೆಸರುಗಳನ್ನು ಪೊಲೀಸರು ಬರೆದಿಡಬಹುದೆಂದು ಹೇಳಲ್ಪಟ್ಟಿತು. ಹೈಕೋರ್ಟಿನಲ್ಲಿ ಅದರ ಮೇಲೆ ಅರ್ಜಿಯಾದ ತರುವಾಯ ಸರ್ಕಾರವು ಆ ಕಲಮಿನಿಂದ ಇವರನ್ನು ಗುರಿಮಾಡುವ ಶಬ್ದವನ್ನು ತೆಗೆದುಹಾಕಿತು. ಅಪರಾಧ ಮಾಡಿದವನನ್ನು ಹಿಡಿಯುವದಕ್ಕೆ ಬೇರೆ ಕಲಮುಗಳು ಇದ್ದೇ ಇದ್ದವು. ಈ ಕಲಮು ಹಿಡಿದದ್ದು ಮಾಡಿದ್ದನ್ನಲ್ಲ, ಹುಟ್ಟನ್ನು.

ವೇದವನ್ನು ಓದುವವರಿಗೆ ಈ ಭೇದವು ಹೊಸದಲ್ಲ. ದಾವೀದನು ತನ್ನ ಜನರನ್ನು ಎಣಿಸಿದನು. ಅದು ದೋಷವೆಂದು ಎಣಿಸಲ್ಪಟ್ಟು ದೇಶಕ್ಕೆಲ್ಲಾ ವ್ಯಾಧಿ ಬಂತು. ನೂರು ಕುರಿಗಳ ಕುರುಬನೂ ಎಣಿಸಿದನು. ಎಣಿಸದೆ ಇದ್ದರೆ ಒಂದು ಕಡಿಮೆಯಾದದ್ದು ಅವನಿಗೆ ಹೇಗೆ ತಿಳಿಯುತ್ತಿತ್ತು? ಎರಡೂ ಎಣಿಕೆಯೇ. ಒಬ್ಬನು ಕತ್ತಿ ಹಿಡಿಯುವ ಕೈಗಳೆಷ್ಟು ಎಂದು ತಿಳಿಯುವದಕ್ಕೆ ಎಣಿಸಿದನು, ಇನ್ನೊಬ್ಬನು ಕಳೆದುಹೋದದ್ದನ್ನು ಹುಡುಕುವದಕ್ಕೆ. ನಮ್ಮ ಸೀಮೆಯಲ್ಲಿ ಕುರಿ ಕಾಯುವವರು ಸಾಯಂಕಾಲ ಹಟ್ಟಿಯ ಬಾಗಲಲ್ಲಿ ಕೋಲು ಅಡ್ಡ ಹಿಡಿದು ಒಂದೊಂದನ್ನೇ ಒಳಗೆ ಬಿಡುವದನ್ನು ನೋಡಿದವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾದದ್ದಿಲ್ಲ.

ಈಗಿನ ಸರ್ಕಾರದ ಎಣಿಕೆಯು ಯಾವ ಜಾತಿಯದು? 2011ರ ಜನಗಣತಿಯಲ್ಲಿ ಗಂಡು, ಹೆಣ್ಣು ಎಂಬೆರಡರ ಸಂಗಡ ‘ಇತರರು’ ಎಂಬ ಮೂರನೆಯ ಅಂಕಣವು ಮೊದಲನೆಯ ಸಾರಿ ಬಂತು. ದೇಶದಲ್ಲಿ 4,87,803 ಮಂದಿ ಅದರಲ್ಲಿ ಬರೆಯಲ್ಪಟ್ಟರು. ಕರ್ನಾಟಕದಲ್ಲಿ 20,266 ಮಂದಿ. ಮನೆಯ ಯಜಮಾನನು ಹೇಳಿದ್ದನ್ನೇ ಬರಕೊಳ್ಳುವ ಗಣತಿಯಲ್ಲಿ, ನನ್ನ ಮಗನು ಇಂಥವನೆಂದು ಹೇಳುವ ತಂದೆಗಳು ಎಷ್ಟು ಮಂದಿ ಇದ್ದಾರೆಂಬದನ್ನು ವಾಚಕರೇ ಯೋಚಿಸಲಿ. 2014ನೆಯ ಇಸವಿ ಏಪ್ರಿಲ್ 15ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಾಧಿಪತಿಗಳಾದ ರಾಧಾಕೃಷ್ಣನ್, ಸಿಕ್ರಿ ಎಂಬವರು ಇವರನ್ನು ಮೂರನೆಯ ಲಿಂಗದವರೆಂದು ಕಾಯಿದೆಯು ಗುರುತಿಸಬೇಕೆಂದೂ, ಇವರಿಗೆ ವಿದ್ಯೆ, ಉದ್ಯೋಗಗಳಲ್ಲಿ ಸ್ಥಳ ಸಿಕ್ಕಬೇಕೆಂದೂ ತೀರ್ಪು ಕೊಟ್ಟರು. ನಮ್ಮ ರಾಜ್ಯದಲ್ಲಿ ಮೈತ್ರಿ ಎಂಬ ಹೆಸರಿನಿಂದ ಮಾಸಾಶನವು ಗೊತ್ತುಮಾಡಲ್ಪಟ್ಟಿತು. ಆರಂಭದಲ್ಲಿ ತಿಂಗಳಿಗೆ 500 ರೂಪಾಯಿ. 2017ರಲ್ಲಿ ಇವರಿಗಾಗಿ ರಾಜ್ಯದ ಒಂದು ನೀತಿಯು ಪ್ರಕಟವಾಯಿತು. 2021ರ ಜುಲೈ ತಿಂಗಳಲ್ಲಿ ಸರ್ಕಾರದ ನೇಮಕಗಳಲ್ಲಿ ನೂರಕ್ಕೆ ಒಂದು ಸ್ಥಳವು ಇವರಿಗೆಂದು ನಿಯಮವಾಯಿತು. ಸರ್ಕಾರದ ಎಲ್ಲಾ ಇಲಾಖೆಗಳಿಗೂ ಹಾಗೆ ಮಾಡಿದ ರಾಜ್ಯಗಳಲ್ಲಿ ಕರ್ನಾಟಕವೇ ಮೊದಲನೆಯದು. ಇದು ಕೂಡ ತಾನಾಗಿಯೇ ಬಂದ ದಯವಲ್ಲ. ಪೊಲೀಸ್ ನೇಮಕದ ಪ್ರಕಟನೆಯಲ್ಲಿ ಗಂಡು, ಹೆಣ್ಣು ಎಂಬೆರಡೇ ಇದ್ದದ್ದರಿಂದ ಸಂಗಮವೆಂಬ ಸಂಸ್ಥೆಯವರು ಹೈಕೋರ್ಟಿಗೆ ಹೋಗಿ ಕೇಳಿದ ಮೇಲೆ ಬಂದದ್ದು.

ಸರ್ಕಾರದ ಪಟ್ಟಿಯಲ್ಲಿ ಒಂದು ಹೆಸರಿಗೆ ಇರುವ ಬೆಲೆಯು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? 1950ರಲ್ಲಿ ಪರಿಶಿಷ್ಟ ಜಾತಿಗಳ ಆಜ್ಞೆಯು ಹೊರಟಾಗ ಹಿಂದೂ ಮತವನ್ನು ಬಿಟ್ಟವನು ಆ ಪಟ್ಟಿಗೆ ಸೇರಿದವನಲ್ಲವೆಂದು ಬರೆಯಲ್ಪಟ್ಟಿತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಬಾಗಲು ತೆರೆಯಿತು, ಕ್ರೈಸ್ತರಾದವರಿಗೆ ತೆರೆಯಲಿಲ್ಲ. ಹೊಲಗೇರಿಯ ಅದೇ ಗುಡಿಸಲಲ್ಲಿ, ಅದೇ ಕೂಲಿಯಲ್ಲಿ, ಊರ ಬಾವಿಯಿಂದ ಅಷ್ಟೇ ದೂರದಲ್ಲಿ ಇದ್ದರೂ, ಮುಳುಗಿ ಎದ್ದ ಮಾತ್ರಕ್ಕೆ ಅವರ ದಾರಿದ್ರ್ಯವೂ ತೊಳೆದುಹೋಯಿತೆಂಬಂತೆ ಕಾಗದವು ಹೇಳುತ್ತದೆ. ಆದಕಾರಣ ನಮ್ಮಲ್ಲಿ ಎಷ್ಟೋ ಮಂದಿಗೆ ಸಭೆಯ ರಿಜಿಸ್ಟರಿನಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು. ತಾನು ಇರುವಂತೆ ತನ್ನನ್ನು ಬರೆಯಿಸಿಕೊಳ್ಳಲಾರದವನ ಸಂಕಟವನ್ನು ಉಂಡವರು ನಾವು. ಮಂಜುನಾಥನೆಂದು ಬರೆದ ಚೀಟಿಯನ್ನು ಹಿಡಕೊಂಡು ಮಂಜಮ್ಮನಾಗಿ ಸರ್ಕಾರಿ ಕಚೇರಿಯ ಮೆಟ್ಟಿಲನ್ನು ಹತ್ತುವವರನ್ನು ಬೇರೆ ಯಾರು ನಕ್ಕರೂ ನಾವು ನಗಬಾರದು.

ಇಲ್ಲಿ ಕೆಲವರು ಎದುರು ಹೇಳುವದೇನಂದರೆ: ಇಂಥವರನ್ನು ಗೌರವಿಸಿದರೆ ಇಂಥವರು ಹೆಚ್ಚುತ್ತಾರೆ, ನಮ್ಮ ಮಕ್ಕಳು ಕಲಿತುಕೊಳ್ಳುತ್ತಾರೆ. ಇದಕ್ಕೆ ಮಂಜಮ್ಮನವರ ವೃತ್ತಾಂತವೇ ಉತ್ತರ. ಬಾಲ್ಯದಲ್ಲಿ ಅವರು ಕಲಿತುಕೊಳ್ಳುವದಕ್ಕೆ ಯಾವ ಬಿರುದು ಇತ್ತು? ಹೊಡೆತವಿತ್ತು, ಹಸಿವಿತ್ತು, ವಿಷದ ಬಟ್ಟಲಿತ್ತು. ಇಷ್ಟೆಲ್ಲಾ ಇದ್ದರೂ ಅವರು ಬೇರೆಯಾಗಲಿಲ್ಲ. ನಲವತ್ತು ವರುಷಗಳ ತನಕ ರಿಜಿಸ್ಟರನ್ನೂ ಪೊಲೀಸರನ್ನೂ ಇಟ್ಟು ಇವರನ್ನು ಇಲ್ಲವಾಗಿಸಬೇಕೆಂದಿದ್ದ ದೊಡ್ಡ ಸಾಮ್ರಾಜ್ಯವೇ ಸಫಲವಾಗಲಿಲ್ಲ. ಭಯದಿಂದ ಕಡಿಮೆಯಾಗದೆ ಇದ್ದದ್ದು ಗೌರವದಿಂದ ಹುಟ್ಟುತ್ತದೆಂದು ಹೇಳುವದಕ್ಕೆ ಆಧಾರವೇನು? ಅಡಗಿದ್ದದ್ದು ಕಾಣಬರಬಹುದು; ಅದು ಹೊಸದಾಗಿ ಹುಟ್ಟಿದ್ದಲ್ಲ.

ಬೇರೆ ಕೆಲವರು ಧರ್ಮೋಪದೇಶಕಾಂಡವನ್ನು ತೆರೆದು, ಗಂಡಸು ಹೆಂಗಸಿನ ಉಡುಪನ್ನು ಹಾಕಬಾರದೆಂಬದನ್ನೂ, ಅಂಗಹೀನನು ಕರ್ತನ ಸಭೆಯಲ್ಲಿ ಸೇರಬಾರದೆಂಬದನ್ನೂ ತೋರಿಸುತ್ತಾರೆ. ಅವು ಅಲ್ಲಿ ಇರುವದು ನಿಜವೇ. ಆದರೆ ವೇದವನ್ನು ಅಲ್ಲಿಗೇ ಮುಚ್ಚಿಬಿಡುವದು ನ್ಯಾಯವಲ್ಲ. ಅದೇ ನಿಯಮವನ್ನು ಬಲ್ಲ ಜನರಿಗೆ ಪ್ರವಾದಿಯಾದ ಯೆಶಾಯನ ಗ್ರಂಥದ ಐವತ್ತಾರನೆಯ ಅಧ್ಯಾಯವು, ತಾನು ಒಣಮರವೆಂದು ನಪುಂಸಕನು ಹೇಳಿಕೊಳ್ಳಬೇಕಾದದ್ದಿಲ್ಲವೆಂದೂ, ದೇವರ ಒಡಂಬಡಿಕೆಯಲ್ಲಿ ನಿಂತಂಥವರಿಗೆ ಆತನ ಆಲಯದಲ್ಲಿ ಗಂಡುಹೆಣ್ಣು ಮಕ್ಕಳಿಗಿಂತಲೂ ಶ್ರೇಷ್ಠವಾದ ಹೆಸರು ಉಂಟೆಂದೂ ತಿಳಿಸುತ್ತದೆ. ಹೊರಗೆ ನಿಲ್ಲಿಸಲ್ಪಟ್ಟವನಿಗೆ ಒಳಗೆ ಬರುವ ಅಪ್ಪಣೆ ಮಾತ್ರವಲ್ಲ, ಹೆಸರು! ಬಾವಿಯೊಳಗಿನ ಕೆಸರಿನಲ್ಲಿ ಹೂತುಹೋಗುತ್ತಿದ್ದ ಯೆರೆಮೀಯನನ್ನು ಮೇಲಕ್ಕೆತ್ತಿದವನು ಯಾರು? ಅರಮನೆಯ ಕಂಚುಕಿಯಾದ ಕೂಷ್ ದೇಶದ ಎಬೆದ್ಮೆಲೆಕನು. ಹಗ್ಗವು ಕಂಕುಳನ್ನು ಕೊಯ್ಯಬಾರದೆಂದು ಹಳೆಯ ಚಿಂದಿಬಟ್ಟೆಗಳನ್ನು ಮೊದಲು ಇಳಿಯಬಿಟ್ಟನು. ದೇಶದ ಪ್ರಧಾನರೆಲ್ಲಾ ಪ್ರವಾದಿಯನ್ನು ಕೆಳಕ್ಕೆ ದಬ್ಬಿದ ಮೇಲೆ ಚಿಂದಿಯನ್ನು ನೆನಸಿದವನು ಒಬ್ಬನೇ. ಇನ್ನು ಗಾಜಾ ಪಟ್ಟಣಕ್ಕೆ ಹೋಗುವ ಅಡವಿಯ ದಾರಿಯಲ್ಲಿ ಫಿಲಿಪ್ಪನು ಕಂಡ ಐಥಿಯೋಪ್ಯದ ಕಂಚುಕಿಯು, ನೀರನ್ನು ತೋರಿಸಿ ತನಗೆ ದೀಕ್ಷಾಸ್ನಾನಕ್ಕೆ ಅಡ್ಡಿಯೇನೆಂದು ಕೇಳಿದಾಗ, ಫಿಲಿಪ್ಪನು ಯೆರೂಸಲೇಮಿಗೆ ಕಾಗದ ಬರೆದು ಹಿರಿಯರ ಉತ್ತರಕ್ಕಾಗಿ ಕಾಯಲಿಲ್ಲ. ಇಬ್ಬರೂ ನೀರಿಗೆ ಇಳಿದರು.

ಆಗಿನ ಕಂಚುಕಿಗಳೂ ಈಗಿನವರೂ ಒಂದೇ ಎಂದು ನಾನು ಹೇಳುವದಿಲ್ಲ. ಅವರಲ್ಲಿ ಬಹುಮಂದಿಯನ್ನು ಅರಸರ ಕತ್ತಿಯು ಹಾಗೆ ಮಾಡಿತ್ತು; ಇವರನ್ನು ಯಾರ ಕತ್ತಿಯೂ ಮಾಡಿದ್ದಲ್ಲ. ಆದಾಗ್ಯೂ ಗಂಡಸರ ಸಾಲಿನಲ್ಲಿಯೂ ಹೆಂಗಸರ ಸಾಲಿನಲ್ಲಿಯೂ ಸ್ಥಳವಿಲ್ಲದೆ ನಿಲ್ಲುವ ದುಃಖವು ಎರಡು ಕಾಲದಲ್ಲಿಯೂ ಒಂದೇ. ನಮ್ಮ ದೇವಾಲಯಗಳಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕೂಡ್ರುತ್ತಾರಲ್ಲವೇ? ಜೋಗಪ್ಪನೊಬ್ಬನು ಭಾನುವಾರ ಬಾಗಲಲ್ಲಿ ನಿಂತರೆ ಯಾವ ಕಡೆಯ ಚಾಪೆಯನ್ನು ತೋರಿಸುತ್ತೇವೆ? ಇದು ಸಣ್ಣ ಪ್ರಶ್ನೆಯೆಂದು ನಗುವವರು ಅದಕ್ಕೆ ಉತ್ತರ ಕೊಟ್ಟು ನೋಡಲಿ.

ಇದರ ಸಂಗಡ ಇನ್ನೊಂದು ವಿಷಯವು ಸೇರಿಕೊಂಡಿದೆ. ಅದನ್ನು ಇಲ್ಲಿ ಸಂಕ್ಷೇಪವಾಗಿ ಮುಟ್ಟಿ ಬಿಡುತ್ತೇನೆ. ಗಂಡಸು ಗಂಡಸನ್ನೂ ಹೆಂಗಸು ಹೆಂಗಸನ್ನೂ ಪ್ರೀತಿಸುವವರ ಮೇಲೆ 1860ರ ದಂಡಸಂಹಿತೆಯ 377ನೆಯ ಕಲಮು ಇತ್ತು. ಒಪ್ಪಿ ಕೂಡಿದ ಪ್ರಾಯಸ್ಥರು ಅದರಿಂದ ಅಪರಾಧಿಗಳಲ್ಲವೆಂದು 2018ನೆಯ ಇಸವಿ ಸೆಪ್ಟೆಂಬರ್ 6ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಾಧಿಪತಿಗಳು ತೀರ್ಪು ಕೊಟ್ಟರು. ಅವರ ವಿವಾಹದ ಪ್ರಶ್ನೆಯು 2023ರ ಅಕ್ಟೋಬರಿನಲ್ಲಿ ಅದೇ ಕೋರ್ಟಿನ ಮುಂದೆ ಬಂದಾಗ, ಅದು ಶಾಸನಸಭೆಗೆ ಸೇರಿದ್ದೆಂದು ಕೋರ್ಟು ಕೈ ಬಿಟ್ಟಿತು. ವಿವಾಹವೆಂದರೇನೆಂಬದರ ವಿಷಯದಲ್ಲಿ ಸಭೆಗಳಲ್ಲಿ ಭೇದವುಂಟು, ಅದು ಬೇಗ ತೀರುವದೂ ಅಲ್ಲ. ಆದರೆ ಒಬ್ಬನಿಗೆ ವಿವಾಹವನ್ನು ಮಾಡಿಸುವದಿಲ್ಲ ಎಂಬವನು ಅದೇ ಕಾರಣದಿಂದ ಅವನಿಗೆ ನೀರನ್ನೂ ಕೊಡುವದಿಲ್ಲವೆಂದರೆ, ಅವನ ಮನಸ್ಸಿನಲ್ಲಿರುವದು ವಿವಾಹದ ಗೌರವವಲ್ಲ.

ನಮ್ಮ ಸೀಮೆಯಲ್ಲಿ ಈ ಸಂಗತಿಗೆ ಇನ್ನೊಂದು ಮುಖವುಂಟು. ಜೋಗಪ್ಪನೆಂದೊಡನೆ ನಮ್ಮವರಿಗೆ ಎಲ್ಲಮ್ಮನೂ ಹುಲಿಗೆಮ್ಮನೂ ಚೌಡಿಕೆಯೂ ಭಂಡಾರವೂ ನೆನಪಿಗೆ ಬಂದು ಮುಖವನ್ನು ತಿರುಗಿಸುವಂತಾಗುತ್ತದೆ. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದಲ್ಲಿ ಭಾರತ ಹುಣ್ಣಿಮೆಗೆ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುತ್ತಿದ್ದದ್ದನ್ನು ಹಿರಿಯರು ಬಲ್ಲರು. ಬಳ್ಳಾರಿಯು ಮದ್ರಾಸಿಗೆ ಸೇರಿದ್ದಾಗ 1947ರಲ್ಲಿ ಒಂದು ಕಾಯಿದೆಯೂ, ಕರ್ನಾಟಕದಲ್ಲಿ 1982ರಲ್ಲಿ ಇನ್ನೊಂದು ಕಾಯಿದೆಯೂ ಆ ಪದ್ಧತಿಯನ್ನು ನಿಷೇಧಿಸಿದವು. ಅದು ನಿಂತುಹೋಗಬೇಕಾದ ಪದ್ಧತಿಯೇ. ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಮನೆಯಿಂದ ಹೊರಗೆ ಹಾಕಲ್ಪಟ್ಟ ಇಂಥಾ ಮಗನಿಗೆ ಆ ಗುಡಿಯು ಒಂದು ಸೀರೆಯನ್ನೂ ಒಂದು ಬುಟ್ಟಿಯನ್ನೂ ಒಂದು ಹಾಡನ್ನೂ ಕೊಟ್ಟಿತು. ಬುಟ್ಟಿಯು ಭಿಕ್ಷದ ಬುಟ್ಟಿಯೇ ಸರಿ. ನಾವು ಏನು ಕೊಟ್ಟೆವು? ಇಂಥಾ ಮಕ್ಕಳು ಕ್ರೈಸ್ತರ ಮನೆಗಳಲ್ಲಿಯೂ ಹುಟ್ಟುತ್ತಾರೆ. ಅವರು ಹುಲಿಗಿಗೆ ಹೋಗಲಾರರು. ಸಭೆಯಲ್ಲಿ ಬಾಯಿ ತೆರೆಯಲಾರರು. ಹದಿನಾರು ಹದಿನೇಳರ ಪ್ರಾಯದಲ್ಲಿ ಒಂದು ರಾತ್ರಿ ರೈಲು ಹತ್ತಿ ಬೆಂಗಳೂರಿಗೋ ಮುಂಬಯಿಗೋ ಹೋಗಿಬಿಡುತ್ತಾರೆ. ತಂದೆಯು ಊರವರಿಗೆ, ಮಗನು ಗಾರೆ ಕೆಲಸಕ್ಕೆ ಹೋಗಿದ್ದಾನೆಂದು ಹೇಳುತ್ತಾನೆ. ತಾಯಿಯು ಏನೂ ಹೇಳುವದಿಲ್ಲ.

ಮಂಜಮ್ಮನವರಿಗೆ ಬಂದ ಗೌರವದಲ್ಲಿ ನನಗೆ ಒಂದು ಅಂಜಿಕೆಯೂ ಇದೆ. ಅವರು ಕುಣಿಯಬಲ್ಲರು, ಹಾಡಬಲ್ಲರು, ನೂರಾರು ಜನರ ಮುಂದೆ ನಿಂತು ನಗಿಸಿ ಅಳಿಸಬಲ್ಲರು. ಅವರ ಜೀವಿತವನ್ನು ಅರುಣ್ ಜೋಳದಕೂಡ್ಲಿಗಿಯವರು ಅವರ ಬಾಯಿಂದಲೇ ಕೇಳಿ ಪುಸ್ತಕವಾಗಿ ಬರೆದಿದ್ದಾರೆ. ಕುಣಿಯಲಾರದವನ ಗತಿಯೇನು? ಕೊಡವನ್ನು ತಲೆಯ ಮೇಲೆ ನಿಲ್ಲಿಸಲಾರದವನು, ಕಂಠವಿಲ್ಲದವನು, ಶೇಂಗಾ ಬಿಡಿಸುವ ಕೂಲಿಯನ್ನು ಬಿಟ್ಟು ಬೇರೇನೂ ತಿಳಿಯದವನು, ಇಂಥವನೂ ಅದೇ ಹುಟ್ಟನ್ನು ಹೊತ್ತುಕೊಂಡಿದ್ದಾನೆ. ಬಿರುದಿನ ಅಂಗೀಕಾರವು ಗುಣವಂತನನ್ನು ಹುಡುಕುತ್ತದೆ, ಅದು ತಪ್ಪಲ್ಲ. ಆದರೆ ಅದನ್ನು ನೋಡಿ ನಾವು, ಇವರಲ್ಲಿಯೂ ಒಳ್ಳೆಯವರಿದ್ದಾರೆ ಎಂದು ಹೇಳಿ ಸುಮ್ಮನಾದರೆ, ಹಿಂದೆ ನಮ್ಮ ಕೇರಿಯ ವಿಷಯದಲ್ಲಿ ಊರವರು ಆಡಿದ ಅದೇ ಮಾತನ್ನು ಆಡಿದಂತಾಯಿತು.

ಆದಕಾರಣ ಪದ್ಮಶ್ರೀಗಿಂತಲೂ ನನಗೆ ದೊಡ್ಡದಾಗಿ ಕಾಣುವದು ಪತ್ರಿಕೆಗಳು ಅಷ್ಟಾಗಿ ಬರೆಯದ ಒಂದು ಸಂಗತಿ. 2019ರಲ್ಲಿ ಪಾರ್ಲಿಮೆಂಟು ಮಾಡಿ 2020ನೆಯ ಇಸವಿ ಜನವರಿಯಲ್ಲಿ ಜಾರಿಗೆ ಬಂದ ಕಾಯಿದೆಯ ಹನ್ನೆರಡನೆಯ ಕಲಮಿನಲ್ಲಿ, ಇಂಥವನೆಂಬ ಕಾರಣದಿಂದ ಯಾವ ಮಗುವನ್ನೂ ಕೋರ್ಟಿನ ಆಜ್ಞೆಯಿಲ್ಲದೆ ತಂದೆತಾಯಿಗಳಿಂದ ಅಗಲಿಸಕೂಡದೆಂದೂ, ತಂದೆತಾಯಿಗಳ ಮನೆಯಲ್ಲಿ ವಾಸಮಾಡುವ ಹಕ್ಕು ಇವರಿಗೆ ಉಂಟೆಂದೂ, ಮನೆಯಿಂದಾಗಲಿ ಅದರ ಯಾವ ಭಾಗದಿಂದಾಗಲಿ ಇವರನ್ನು ಹೊರಗೆ ಹಾಕಕೂಡದೆಂದೂ ಬರೆಯಲ್ಪಟ್ಟಿತು. ಆ ಕಾಯಿದೆಯಲ್ಲಿ ಬೇರೆ ಕುಂದುಗಳುಂಟೆಂದು ಇವರೇ ದೂರಿದರು, ಅದು ನಿಜವಾಗಿರಬಹುದು. ಆದರೆ ಈ ಕಲಮನ್ನು ಓದಿದಾಗ ನನಗೆ ಸ್ವಲ್ಪ ನಾಚಿಕೆಯಾಯಿತು. ಮಗನನ್ನು ಮನೆಯಲ್ಲಿ ಇಟ್ಟುಕೊಳ್ಳಿರಿ ಎಂದು ತಂದೆತಾಯಿಗಳಿಗೆ ಹೇಳುವ ಕೆಲಸವು ದೆಹಲಿಯ ಪಾರ್ಲಿಮೆಂಟಿಗೆ ಬಂತಲ್ಲಾ! ಸರ್ಕಾರದ ಕೈ ಬಾಗಲಿನ ತನಕ ಬರಬಲ್ಲದು. ಒಳಗೆ ತಟ್ಟೆಯನ್ನು ಹಾಕುವದು ಅದರಿಂದಾಗದು. ಕಾಯಿದೆಗೆ ಅಂಜಿ ಮಗನನ್ನು ಹಿತ್ತಲಿನಲ್ಲಿ ಮಲಗಿಸಿ, ಬೇರೆ ಚೊಂಬಿನಲ್ಲಿ ನೀರು ಕೊಡುವ ತಂದೆಯು ಕಾಯಿದೆಯ ಮುಂದೆ ಗೆದ್ದಾನು.

ಅದೇ ಕಾಯಿದೆಯು ಗುರುತಿನ ಪತ್ರವನ್ನು ಕೊಡುವ ಅಧಿಕಾರವನ್ನು ಜಿಲ್ಲೆಯ ಅಧಿಕಾರಿಗೆ ಒಪ್ಪಿಸಿತು. 2021ರಲ್ಲಿ ವಿಜಯನಗರ ಜಿಲ್ಲೆಯಾದ ತರುವಾಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳವರಿಗೆ ಆ ಕಚೇರಿಯು ಹೊಸಪೇಟೆಯಲ್ಲಿದೆ. ಪತ್ರವಿಲ್ಲದೆ ಇಂಥವನಿಗೆ ಮಾಸಾಶನ ಮೊದಲಾದವು ಸಿಕ್ಕುವದು ಕಷ್ಟ. ದರಖಾಸ್ತನ್ನು ಅಂತರ್ಜಾಲದ ಮೂಲಕ ಕಳುಹಿಸುವ ಮಾರ್ಗವು 2020ರಲ್ಲಿ ತೆರೆಯಲ್ಪಟ್ಟರೂ, ಓದುಬರಹ ಬಾರದವನಿಗೆ ಅದರಿಂದ ಏನಾದೀತು? ಯಾರೋ ಒಬ್ಬರು ಕೂತು ಬರೆಯಬೇಕು, ಹುಟ್ಟಿದ ಊರನ್ನೂ ತಂದೆಯ ಹೆಸರನ್ನೂ ಕೇಳಬೇಕು, ಅವನು ಯಾವ ಹೆಸರಿನಿಂದ ಕರೆಯಲ್ಪಡಲು ಇಷ್ಟಪಡುತ್ತಾನೆಂದೂ ಕೇಳಬೇಕು. ನಮ್ಮ ಹಳ್ಳಿಗಳಲ್ಲಿ ರೇಷನ್ ಕಾರ್ಡಿಗೂ ವಿಧವೆಯರ ಪಿಂಚಣಿಗೂ ಬಗರ್‌ಹುಕುಂ ಜಮೀನಿಗೂ ಜಾತಿ ನೋಡದೆ ದರಖಾಸ್ತು ಬರಕೊಟ್ಟ ಉಪದೇಶಿಗಳು ಇದ್ದರು, ಈಗಲೂ ಇದ್ದಾರೆ. ಊರ ಜನರು ಕತ್ತಲಾದ ಮೇಲೆಯೂ ಅವರ ಬಾಗಲಿಗೆ ಕಾಗದಗಳನ್ನು ಹಿಡಕೊಂಡು ಬರುವದುಂಟು. ಇಂಥವನೊಬ್ಬನು ಬಂದರೆ ದೀಪವನ್ನು ಸ್ವಲ್ಪ ದೊಡ್ಡದು ಮಾಡಿ, ಚಾಪೆಯ ಮೇಲೆ ಕೂಡ್ರಿಸಿ, ಅವನ ಕಾಗದವನ್ನೂ ಬರೆಯಲಿ.